ಕಂಪ್ಯೂಟರಿಗೆ ಇಟ್ಟ ಹೂವು

ಕಳೆದ ತಿಂಗಳು ಶಿಲ್ಪಾ ಎಂಬ ಹುಡುಗಿ ಮುಳಬಾಗಿಲಿನ ನಮ್ಮ ಮನೆಗೆ ಬಂದಿದ್ದಳು. ತಾಯಲೂರಿನವಳು, ಎಂಜಿನಿಯರಿಂಗ್ ಓದಿದ್ದಾಳೆ. ಶ್ರೀನಿವಾಸಪುರದ ಬಳಿಯ ಮಾವಿನ ತಿರುಳಿನ ಕಾರ್ಖಾನೆಯಲ್ಲಿ ನಾನು ಬಿಟ್ಟುಬಂದ ಕುರ್ಚಿಯಲ್ಲಿ ಈಗ ಕೂರುವವಳು ಅವಳೇ. ನರಸಾಪುರದ ಕಡೆ ಕಂಪನಿ ಬಸ್ಸು ಹತ್ತುವ ಗೆಳತಿಯರನ್ನೂ ಜೊತೆಗೆ ಕರೆತಂದಿದ್ದಳು. ಕಾಫಿ ಕುಡಿದು ಲೋಟ ಕೆಳಗಿಟ್ಟು, "ಮೇಡಂ, ನಮ್‌ಗೊಂದು ಬರ್ದುಕೊಡಿ. ಕೆಲಸ ಹೆಂಗೆ ಮಾಡೋದು ಅಂತಲ್ಲ, ಅದು ಪುಸ್ತಕದಾಗೇ ಐತೆ. ಅಲ್ಲಿ ಏನೇನು ಆಯ್ತು ಅಂತ ಬರೀರಿ," ಎಂದಳು.

ಬರೆಯಲು ಕುಳಿತರೆ ಮೊದಲು ನೆನಪಾಗುವುದು ಒಂದು ಸದ್ದು. ಗಾಳಿಯ ಒತ್ತಡದಿಂದ ಕೊಳವೆಯ ಕವಾಟ ತೆರೆದುಕೊಳ್ಳುವಾಗ ಬರುವ 'ಟಪ್' ಎಂಬ ಸದ್ದು. ಇವತ್ತಿಗೂ ಪಕ್ಕದ ಮನೆಯ ಗೇಟಿನ ಚಿಲಕ ಬಿದ್ದರೆ ನನ್ನ ಎದೆ ಒಮ್ಮೆ ಹಾರಿ ಕೂರುತ್ತದೆ. ಆಮೇಲೆ ನಾನೇ ನಕ್ಕು ಮತ್ತೆ ಹುರುಳಿಕಾಯಿ ಬಿಡಿಸುತ್ತೇನೆ. ಹೆಚ್ಚು ಕೊರಗಿಲ್ಲದೆ ಮುಗಿದ ಕೆಲಸ ನನ್ನದು. ಆ ಸದ್ದೊಂದು ಮಾತ್ರ ನನ್ನ ಜೊತೆ ನಿವೃತ್ತಿ ತೆಗೆದುಕೊಳ್ಳಲಿಲ್ಲ.

ಕೋಲಾರದ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿ, ಅಳತೆಯ ಉಪಕರಣಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ನಾನು ಆ ಕಾರ್ಖಾನೆ ಸೇರಿದೆ. ಆಗ ಅಲ್ಲಿ ಕಂಪ್ಯೂಟರ್ ಇರಲಿಲ್ಲ. ಗೋಡೆಗೆ ಒಂದು ದೊಡ್ಡ ಕಬ್ಬಿಣದ ಪೆಟ್ಟಿಗೆ, ಅದರ ಮುಖದ ಮೇಲೆ ಸಾಲಾಗಿ ಸ್ವಿಚ್ಚುಗಳು, ಒಂದೊಂದು ಟ್ಯಾಂಕಿಗೆ ಒಂದೊಂದು. ಸ್ವಿಚ್ಚು ತಿರುಗಿಸಿದರೆ ಆ ಟ್ಯಾಂಕಿನ ಕವಾಟ ತೆರೆದು, ಕಾಸ್ಟಿಕ್ ಸೋಡಾ ಬೆರೆಸಿದ ಸುಡುವ ನೀರು ಮೇಲಿನಿಂದ ಚಿಮ್ಮಿ ಟ್ಯಾಂಕಿನ ಒಳಗನ್ನೆಲ್ಲ ತೊಳೆಯುತ್ತಿತ್ತು. ತಿರುಳು ಹುಳಿಯಾಗದಿರಬೇಕಾದರೆ ಈ ತೊಳೆತ ಆಗಲೇಬೇಕು. ಮನುಷ್ಯನ ಮೈಮೇಲೆ ಆ ನೀರು ಬಿದ್ದರೆ ಚರ್ಮ ಉಳಿಯುವುದಿಲ್ಲ.

ರಿಪೇರಿಗೆಂದು ಯಾರಾದರೂ ಟ್ಯಾಂಕಿನ ಒಳಗೆ ಇಳಿಯುವ ಮೊದಲು ತಮ್ಮ ಹೆಗಲ ಟವೆಲನ್ನು ಆ ಟ್ಯಾಂಕಿನ ಸ್ವಿಚ್ಚಿಗೆ ಕಟ್ಟಿ ಹೋಗುವುದು ನಮ್ಮಲ್ಲಿನ ವಾಡಿಕೆ. ಕಟ್ಟಿದವರೇ ಹೊರಗೆ ಬಂದು ಬಿಚ್ಚಬೇಕು. ಮ್ಯಾನೇಜರೇ ಬಂದರೂ ಇನ್ನೊಬ್ಬರ ಟವೆಲಿಗೆ ಕೈ ಹಾಕುವಂತಿರಲಿಲ್ಲ. ಇದನ್ನು ಯಾರು ಶುರುಮಾಡಿದರೋ ಗೊತ್ತಿಲ್ಲ, ಯಾರೂ ಮೀರಿದ್ದನ್ನಂತೂ ನಾನು ನೋಡಿಲ್ಲ.

ಪಾಳಿ ಮೇಲ್ವಿಚಾರಕರು ಕೃಷ್ಣಪ್ಪನವರು, ರಾಯಲ್ಪಾಡಿನವರು. ಕನ್ನಡ ಮಾತಾಡುತ್ತಾ ಮಾತಾಡುತ್ತಾ ತೆಲುಗಿಗೆ ಜಾರಿ, ಮತ್ತೆ ವಾಪಸು ಬರುವವರು. ಹಂಗಾಮಿನ ಮೊದಲ ದಿನ, ಅದೂ ಶುಕ್ರವಾರವೇ ಆಗಬೇಕು, ಬೆಳಗ್ಗೆ ಬೇಗ ಬಂದು ಪ್ರತಿ ಯಂತ್ರಕ್ಕೂ ಒಂದು ಚೆಂಡುಹೂ ಇಡುತ್ತಿದ್ದರು. ಹಣ್ಣು ತೊಳೆಯುವ ತೊಟ್ಟಿಗೆ, ಬಾಯ್ಲರಿಗೆ, ಸ್ವಿಚ್ಚಿನ ಪೆಟ್ಟಿಗೆಗೆ, ಕೊನೆಗೆ ತೂಕದ ಕಾಟಾಕ್ಕೂ. ವೆಲ್ಡಿಂಗ್ ಮಾಡುವ ನಜೀರ್ ಸಾಬರು ಶ್ರೀನಿವಾಸಪುರದವರು. ಸ್ಟೀಲಿನ ಕೆಲಸದಲ್ಲಿ ಅವರ ಕೈಯನ್ನು ಇಡೀ ತಾಲ್ಲೂಕು ಬಲ್ಲದು. ಇಬ್ಬರಿಗೂ ಯಾವಾಗಲೂ ಜಗಳ, ಊಟ ಮಾತ್ರ ಒಟ್ಟಿಗೆ.

"ಕೃಷ್ಣಪ್ಪಣ್ಣ, ಎಲ್ಲಾಕೂ ಹೂ ಇಟ್ಟೆ, ನನ್ ವೆಲ್ಡಿಂಗ್ ಮಿಷನ್ ಏನ್ ಪಾಪ ಮಾಡಿತ್ತು?" ಎಂದು ಸಾಬರು ಕೇಳುವರು.

"ನಿನ್ ಮಿಷನ್‌ಗೆ ಹೂ ಇಟ್ರೆ ಸುಟ್ಟು ಬೂದಿ ಮಾಡ್ತೀಯಲ್ಲಪ್ಪಾ! ಪೋನೀಲೇ, ಹೋಗ್ಲಿ, ತಗೋ," ಎಂದು ಇವರು ಒಂದು ಹೂ ಎಸೆಯುವರು.

ಕಾಲ ಹೋದಂತೆ ಸ್ವಿಚ್ಚಿನ ಪೆಟ್ಟಿಗೆ ಹೋಗಿ ಕಂಪ್ಯೂಟರ್ ಬಂತು. ಕಿಟಕಿ ಚಿತ್ರಗಳ ಅಲಂಕಾರವೇನೂ ಇಲ್ಲದ, ಕಪ್ಪು ಪರದೆಯ ಮೇಲೆ ಸಾಲು ಸಾಲಾಗಿ ಆಜ್ಞೆ ಬರೆಯುವ ಕಂಪ್ಯೂಟರ್. ನಾವು ಬರೆದ ಸಾಲನ್ನು ಓದಿ ಕೆಲಸಕ್ಕೆ ಕಳಿಸುವುದಕ್ಕೆ ಒಳಗೆ 'ಶೆಲ್' ಎಂಬ ಮಧ್ಯವರ್ತಿ ಇರುತ್ತದೆ. ಟೊಮೆಟೊ ಮಂಡಿಯ ದಲ್ಲಾಳಿಯಂತೆ ಅದು. ನಾವು ಕೊಟ್ಟ ಸರಕನ್ನು ಕೊಟ್ಟ ಹಾಗೇ ದಾಟಿಸುವುದಿಲ್ಲ, ಮೊದಲು ತಾನು ಬಿಚ್ಚಿ ನೋಡುತ್ತದೆ. ಇದು ಗೊತ್ತಿಲ್ಲದೆ ನಮ್ಮಲ್ಲಿ ಏನೇನು ಆಯಿತೆಂಬುದೇ ಇಲ್ಲಿಯ ಕಥೆ.

ಮೊದಲನೆಯದು ನಗುವಂಥದ್ದು. ಗೇಟಿನ ಬಳಿ ದೀಪದಕ್ಷರದ ಫಲಕ ಹಾಕಿಸಿದ್ದೆವು. ಯಾವ ಪಾಳಿ ನಡೆಯುತ್ತಿದೆ ಎಂದು ತೋರಿಸಲು. ಪಾಳಿಯ ಹೆಸರು shift ಎಂಬ ಒಂದು ಡಬ್ಬಿಯಲ್ಲಿರುತ್ತದೆ. ಇಂಥ ಡಬ್ಬಿಗೆ ವೇರಿಯಬಲ್ ಎನ್ನುತ್ತಾರೆ. ಹೆಸರಿನ ಮೊದಲಿಗೆ ಡಾಲರ್ ಗುರುತು ಹಾಕಿದರೆ 'ಡಬ್ಬಿ ತೆರೆದು ಒಳಗಿನದನ್ನು ಕೊಡು' ಎಂದು ಅರ್ಥ. ಕಂಪ್ಯೂಟರ್ ಜೋಡಿಸಿಕೊಟ್ಟ ಬೆಂಗಳೂರಿನ ಗುತ್ತಿಗೆದಾರರ ಕಡೆಯವರು ಆ ಸಾಲನ್ನು ಒಂಟಿ ಕೋಟಿನ, ಅಂದರೆ ಒಂಟಿ ಉದ್ಧರಣ ಚಿಹ್ನೆಯ, ಒಳಗೆ ಹಾಕಿಬಿಟ್ಟಿದ್ದರು: '$shift'. ಒಂಟಿ ಕೋಟ್ ಎಂದರೆ ಮೊಹರು ಹಾಕಿದ ಕ್ರೇಟು. ದಲ್ಲಾಳಿ ಅದನ್ನು ಮುಟ್ಟುವುದಿಲ್ಲ. ಹಾಗಾಗಿ ಪಾಳಿಯ ಹೆಸರಿನ ಬದಲು ಡಾಲರ್ ಗುರುತಿನ ಸಮೇತ $shift ಎಂದೇ ಕೆಂಪು ದೀಪದಲ್ಲಿ ಬೆಳಗಿತು. ಹಣ್ಣು ಆರಿಸುವ ಲಕ್ಷ್ಮಮ್ಮ ನನ್ನನ್ನು ಗೇಟಿನಲ್ಲೇ ತಡೆದಳು.

"ಮೇಡಂ, ಇನ್ಮ್ಯಾಕೆ ಸಂಬಳ ಡಾಲರ್‌ನಾಗೆ ಕೊಡ್ತಾರಂತೆ, ನಿಜವಾ?"

"ಯಾರೇ ಹೇಳಿದ್ದು?"

"ಬೋರ್ಡ್ ಹಾಕವ್ರಲ್ಲ! ನಮ್ ಅಮೆರಿಕಾ ಇದೇ ಬಿಡಿ ಅಂತ ನಮ್ ಹೆಂಗಸ್ರೆಲ್ಲ ಕುಣೀತಾವ್ರೆ."

ಒಂಟಿ ಕೋಟನ್ನು ಜೋಡಿ ಕೋಟ್ ಮಾಡಿದೆವು. ಜೋಡಿ ಕೋಟಿನೊಳಗೆ ದಲ್ಲಾಳಿ ಡಬ್ಬಿ ತೆರೆಯುತ್ತದೆ, ಆದರೆ ಒಳಗೆ ಸಿಕ್ಕಿದ್ದನ್ನು ಚೆಲ್ಲದೆ ಒಂದೇ ಕಟ್ಟಾಗಿ ಮುಂದಕ್ಕೆ ಕೊಡುತ್ತದೆ. ಫಲಕ ಸರಿಹೋಯಿತು. ಲಕ್ಷ್ಮಮ್ಮನಿಗೆ ಬೇಸರವಾಯಿತು.

ಎರಡನೆಯದು ಪೀಪಾಯಿಗಳ ಚೀಟಿ. ತಿರುಳು ತುಂಬಿದ ಪೀಪಾಯಿಗಳು ಮಾಲೂರಿನ ನಮ್ಮ ಶೀತಲಗೃಹಕ್ಕೆ ಹೋಗಬೇಕು. ತಲುಪಬೇಕಾದ ಜಾಗ 'ಮಾಲೂರು ಶೀತಲಗೃಹ' ಎಂದು ಡಬ್ಬಿಯಲ್ಲಿ ಹಾಕಿದ್ದರು, ಚೀಟಿ ಅಚ್ಚುಮಾಡುವ ಸಾಲಿನಲ್ಲಿ ಕೋಟನ್ನೇ ಹಾಕಿರಲಿಲ್ಲ. ಕೋಟ್ ಇಲ್ಲದಿದ್ದರೆ ಡಬ್ಬಿಯನ್ನು ಬಿಚ್ಚಿ ನೆಲಕ್ಕೆ ಸುರಿದ ಹಾಗೆ. ಎಲ್ಲೆಲ್ಲಿ ಖಾಲಿ ಜಾಗವಿದೆಯೋ ಅಲ್ಲಲ್ಲಿ ಮಾತು ತುಂಡಾಗುತ್ತದೆ. ಒಂದು ಪೀಪಾಯಿಗೆ 'ಮಾಲೂರು' ಎಂಬ ಚೀಟಿ, ಮತ್ತೊಂದಕ್ಕೆ 'ಶೀತಲಗೃಹ' ಎಂಬ ಚೀಟಿ. ಲಾರಿ ಚಾಲಕ ದಾರಿಯಲ್ಲಿ ನಿಲ್ಲಿಸಿ ಫೋನ್ ಮಾಡಿದ: "ಮೇಡಂ, ಮಾಲೂರು ಗೊತ್ತು. ಶೀತಲಗೃಹ ಅನ್ನೋ ಊರು ಯಾವ ತಾಲ್ಲೂಕು?"

ಆ ಸಾಲಿಗೂ ಕೋಟ್ ಬಿತ್ತು. ಹೀಗೆ ಎಲ್ಲಿ ಹರಿಯಿತೋ ಅಲ್ಲಿಗೆ ತೇಪೆ. ಟ್ಯಾಂಕು ತೊಳೆಯುವ ಆಜ್ಞೆಗಳ ಕಡತವನ್ನು ಮಾತ್ರ ಯಾರೂ ತೆರೆಯುವಂತಿರಲಿಲ್ಲ. ಅದು ಗುತ್ತಿಗೆದಾರರ ಗ್ಯಾರಂಟಿಯಲ್ಲಿತ್ತು. ಮುಟ್ಟಿದರೆ ಗ್ಯಾರಂಟಿ ಹೋಗುತ್ತದೆ ಎಂದು ಮ್ಯಾನೇಜರ್ ರಘುನಾಥ್ ಅಪ್ಪಣೆ ಮಾಡಿದ್ದರು. ಕೆಟ್ಟವರಲ್ಲ ಅವರು. ಹೊಸದು ಯಾವುದೇ ಬಂದರೂ ಅದರ ಮೇಲೆ ಬೆರಳಚ್ಚು ಬೀಳಬಾರದು ಎನ್ನುವ ಸ್ವಭಾವ, ಅಷ್ಟೇ. ಕಂಪ್ಯೂಟರ್ ಬಂದ ಮೊದಲ ವಾರವೇ ಕೀಬೋರ್ಡಿನ ಸಂದಿಯಲ್ಲಿ ಚೆಂಡುಹೂವಿನ ಎಸಳು ಸಿಕ್ಕಿ, ಕೋಣೆಯ ಬಾಗಿಲಿಗೆ ಸೂಚನೆ ಅಂಟಿಸಿಬಿಟ್ಟರು: ಒಳಗೆ ಹೂವು, ಕುಂಕುಮ, ಊದುಬತ್ತಿ ತರಬಾರದು.

ಕೃಷ್ಣಪ್ಪನವರು ಅದನ್ನು ಓದಿ, ಬಾಗಿಲ ಹೊರಗೇ ಒಮ್ಮೆ ಕೈಮುಗಿದು ಒಳಗೆ ಹೋದರು.

ಇತ್ತ ನಜೀರ್ ಸಾಬರದು ಇನ್ನೊಂದು ತಕರಾರು. "ಸಾಬ್, ಸ್ವಿಚ್ಚೇ ತೆಗೆದ್ಬಿಟ್ರಿ. ನಾನು ಟವೆಲ್ ಎಲ್ಲಿ ಕಟ್ಲಿ? ಈ ಟೀವಿ ಕುತ್ತಿಗೆಗಾ?"

"ಬೇಕಾಗಿಲ್ಲ ಸಾಬ್ರೇ," ಎಂದರು ರಘುನಾಥ್. "ನಾವು ಯಾವ ಟ್ಯಾಂಕಿನ ಹೆಸರು ಟೈಪ್ ಮಾಡ್ತೀವೋ ಅದಕ್ಕೆ ಮಾತ್ರ ನೀರು. ಹೆಸರು ಹೇಳದೆ ಅದು ಏನೂ ಮಾಡಲ್ಲ."

ನಮಗೆಲ್ಲ ಅದು ಸರಿಯೆಂದೇ ಕಂಡಿತು.

ಮರುವರ್ಷದ ಹಂಗಾಮಿನ ಮೊದಲ ಶುಕ್ರವಾರ. ಎರಡನೇ ಟ್ಯಾಂಕನ್ನು ತೊಳೆದು ತಯಾರು ಮಾಡಬೇಕಿತ್ತು. ಮೂರನೆಯದರ ಒಳಗೋಡೆಯಲ್ಲಿ ಒಂದು ಬೆಸುಗೆ ಬಿಟ್ಟಿತ್ತು, ಸಾಬರು ಬಂದಿದ್ದರು. ಅದೇ ಟ್ಯಾಂಕಿನ ಶಾಖ ಅಳೆಯುವ ಕಡ್ಡಿ ಬದಲಿಸಲು ನಾನು ಹೊರಗೆ ನಿಂತಿದ್ದೆ. ಗಾಜಿನ ಗೋಡೆಯ ಆಚೆ ಕೋಣೆಯಲ್ಲಿ ಕೃಷ್ಣಪ್ಪನವರು.

ಸಾಬರು ಟ್ಯಾಂಕಿನ ಮಗ್ಗುಲಲ್ಲಿ ಆಳು ನುಸುಳುವಷ್ಟೇ ಇರುವ ಆಳುಕಂಡಿಯಿಂದ ಒಳಗೆ ಇಳಿದವರು ತಕ್ಷಣವೇ ತಲೆ ಹೊರಗೆ ಹಾಕಿದರು.

"ಮೇಡಂ, ಮೇಲಿಂದ ತೊಟ್ಟಿಕ್ತಾ ಐತೆ. ಹೋದ್ ವರ್ಷದ ಕೊಳೆ ನೀರು. ನೋಡಿ, ಬೆನ್ನೆಲ್ಲಾ!"

"ಕವಾಟ ಸ್ವಲ್ಪ ಸೋರ್ತಾ ಇರ್ಬೇಕು ಸಾಬ್ರೇ. ಒಂದು ಬೆಸುಗೆ ತಾನೇ, ಬೇಗ ಮುಗಿಸಿಬಿಡಿ."

"ಬೇಗ ಅಂತೆ! ಇವತ್ತು ಜುಮ್ಮಾ. ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕ್ಕಂಡು ಬಂದಿದೀನಿ. ಇಲ್ಲಿಂದ ಸೀದಾ ನಮಾಜಿಗೆ ಹೋಗ್ಬೇಕು. ಈ ವಾಸ್ನೆ ಇಟ್ಕಂಡು ಮಸೀದಿಗೆ ಹೋದ್ರೆ ಪಕ್ಕದೋನು ಎದ್ದು ಹೋಗ್ತಾನೆ."

"ಹಂಗಾದ್ರೆ ಫಿಟ್ಟರನ್ನ ಕರೀತೀನಿ ಇರಿ."

"ಅವನು ಬರೋ ಹೊತ್ಗೆ ನಮಾಜೇ ಮುಗೀತದೆ. ಬಿಡಿ, ನಾನೇ ಬಿಚ್ಕೊಂತೀನಿ."

ಹೊರಗೆ ಬಂದರು. ಕವಾಟದಿಂದ ಟ್ಯಾಂಕಿನ ಮೇಲಕ್ಕೆ ಹೋಗುವ ಕೊಳವೆಯಲ್ಲಿ ಎದೆಯೆತ್ತರಕ್ಕೆ ಒಂದು ಬಾಗಿದ ತುಂಡು ಇರುತ್ತದೆ, ನಾವು 'ಬೆಂಡು' ಎನ್ನುತ್ತಿದ್ದೆವು. ಗೊಣಗುತ್ತಾ ಅದರ ಎರಡೂ ನಟ್ಟುಗಳನ್ನು ಸಡಿಲಿಸಿ ಬೆಂಡನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. ಸೋರುವ ನೀರು ಈಗ ನೆಲದ ಮೇಲೆ ತೊಟ್ಟಿಕ್ಕಿ ಮೋರಿಗೆ ಹರಿಯತೊಡಗಿತು. "ಹಿಡ್ಕಳಿ, ಆಮೇಲೆ ಹಾಕಣ," ಎಂದು ಹೇಳಿ ಮತ್ತೆ ಒಳಗೆ ಇಳಿದರು. ಒಳಗಿನಿಂದ ಬೆಸುಗೆ ಉಜ್ಜುವ ಕಲ್ಲುಚಕ್ರದ ಕರ್ರೆಂಬ ಸದ್ದು ಶುರುವಾಯಿತು.

ಆಗ ಕೇಳಿಸಿತು. ಟಪ್.

ಅದು ಎರಡನೇ ಟ್ಯಾಂಕಿನದೆಂದುಕೊಂಡೆ. ಒಂದೇ ಕೇಳಿಸಬೇಕಿತ್ತು. ಆದರೆ ಸಾಲಿನ ಆ ತುದಿಯಿಂದ ಟಪ್, ಟಪ್, ಟಪ್ ಎಂದು ಒಂದಾದ ಮೇಲೊಂದು ನನ್ನ ಕಡೆಗೇ ನಡೆದುಬಂದವು. ನನ್ನ ತಲೆಗೆ ಅದೇನೆಂದು ಹೊಳೆಯುವುದರೊಳಗೆ ನನ್ನ ಎದುರಿನ ಕವಾಟವೂ ತೆರೆಯಿತು. ಬೆಂಡು ಇರಬೇಕಾದ ತೆರೆದ ಬಾಯಿಂದ ಸುಡುವ ಕಾಸ್ಟಿಕ್ ನೀರು ಭೋರೆಂದು ನೆಲಕ್ಕೆ ಅಪ್ಪಳಿಸಿ ಆಳುಕಂಡಿಗೂ ನನಗೂ ನಡುವೆ ಹರಿಯಿತು. ಹಬೆಯಲ್ಲಿ ಏನೂ ಕಾಣದು. ಕಲ್ಲುಚಕ್ರದ ಸದ್ದಿಗೆ ಸಾಬರಿಗೆ ಏನೂ ಕೇಳಿಸದು. ನಾನು ಕಿರುಚಿದೆ. ಏನೆಂದು ಕಿರುಚಿದೆನೋ ಇವತ್ತಿಗೂ ನೆನಪಿಲ್ಲ. ಬೆಂಡನ್ನು ಎದೆಗೊತ್ತಿಕೊಂಡು ಹಿಂದೆ ಹಿಂದೆ ಸರಿಯುತ್ತಿದ್ದದ್ದು ಮಾತ್ರ ನೆನಪಿದೆ. ಗಾಜಿನ ಆಚೆ ಕೃಷ್ಣಪ್ಪನವರು ಎದ್ದು ನಿಂತದ್ದು, ಅವರ ಕೈ ಎಲ್ಲವನ್ನೂ ನಿಲ್ಲಿಸುವ ಗೋಡೆಯ ಕೆಂಪು ಗುಂಡಿಯ ಮೇಲೆ ಬಿದ್ದದ್ದು ಹಬೆಯೊಳಗಿಂದ ಕಂಡಿತು. ನೀರು ನಿಂತಿತು.

ಒಳಗೆ ಕಲ್ಲುಚಕ್ರ ಇನ್ನೂ ತಿರುಗುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಅದೂ ನಿಂತು, ಸಾಬರ ತಲೆ ಹೊರಗೆ ಬಂತು.

"ಅರೆ, ಕ್ಯಾ ಹುವಾ? ಇಷ್ಟು ಬಿಸಿ ಯಾಕೆ?"

ನೆಲ ನೋಡಿದರು. ಕೊಳವೆಯ ತೆರೆದ ಬಾಯಿ ನೋಡಿದರು. ಆಮೇಲೆ ನನ್ನ ಕೈಯಲ್ಲಿದ್ದ ಬೆಂಡನ್ನು ನೋಡಿದರು. ತಮ್ಮ ಅಂಗಿಯ ತೋಳನ್ನು ಒಮ್ಮೆ ಸವರಿಕೊಂಡರು.

ಓಡಿಬಂದ ಕೃಷ್ಣಪ್ಪನವರ ಬಾಯಲ್ಲಿ ಕನ್ನಡ ಪೂರ್ತಿ ಹೋಗಿತ್ತು. "ಅಯ್ಯೋ ದೇವುಡಾ, ನೇನೇಮಿ ಚೇಶಾನಮ್ಮಾ, ನೇನೇಮಿ ಚೇಶಾನು," ನಾನೇನು ಮಾಡಿಬಿಟ್ಟೆ ಎನ್ನುತ್ತಾ ಅಲ್ಲೇ ಒದ್ದೆ ನೆಲದ ಮೇಲೆ ಕುಳಿತುಕೊಳ್ಳಲು ಹೋದರು. ಸಾಬರೇ ಹಾರಿ ಬಂದು ಕಂಕುಳಿಗೆ ಕೈಹಾಕಿ ಎತ್ತಿದರು. "ಲೇ, ಅಲ್ಲಿ ಕೂರಬ್ಯಾಡ್ವೋ, ಸುಟ್ಟೋಗ್ತೀಯ! ನಾನು ಚೆನ್ನಾಗಿದೀನಿ ಕಣೋ!"

ಮಧ್ಯಾಹ್ನ, ಸಾಬರು ನಮಾಜು ಮುಗಿಸಿ ಬಂದ ಮೇಲೆ, ರಘುನಾಥ್ ಅವರ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಕೃಷ್ಣಪ್ಪನವರು ನಡೆದದ್ದನ್ನು ನಡೆದಂತೆ ಹೇಳಿದರು. ಹೂ ತರಬಾರದು ಎಂಬ ಸೂಚನೆ ಇತ್ತು. ಮೊದಲ ದಿನ ಹೂ ಇಡದೆ ಯಂತ್ರ ಶುರುಮಾಡಲು ಅವರಿಗೆ ಮನಸ್ಸು ಒಪ್ಪಲಿಲ್ಲ. ಕೀಬೋರ್ಡ್ ಹುಡುಕಿದರು, ಅಂಕಿ ಎಂಟರ ನೆತ್ತಿಯಲ್ಲಿ ಹೂವಿನಂಥ ಗುರುತೊಂದು (*), ಸ್ಟಾರ್ ಎನ್ನುತ್ತಾರಲ್ಲ ಅದು, ಕಂಡಿತು. 'ಯಾವ ಟ್ಯಾಂಕು?' ಎಂದು ಕಂಪ್ಯೂಟರ್ ಕೇಳಿದಾಗ ಮೊದಲು ಆ ಹೂವನ್ನು ಒತ್ತಿ, ಜಾಗ ಬಿಟ್ಟು, ಎರಡನೇ ಟ್ಯಾಂಕಿನ ಹೆಸರು ಬರೆದರು. ಕೈಮುಗಿದು ಎಂಟರ್ ಒತ್ತಿದರು.

ರಘುನಾಥ್ ಅವರ ಮುಖ ಬಿಗಿಯಿತು. "ಕಂಪ್ಯೂಟರಿಗೆ ಹೂ ಮುಡಿಸೋರನ್ನ ನಾನು ಪಾಳಿಯಲ್ಲಿ ಇಟ್ಕೊಳ್ಳೋದು ಹೇಗೆ ಹೇಳಿ? ಒಬ್ಬ ಮನುಷ್ಯ ಸಾಯ್ತಿದ್ದ. ನಾಳೆಯಿಂದ ನೀವು ಬರೋದು ಬೇಡ ಕೃಷ್ಣಪ್ಪ."

"ಸಾಯ್ತಿದ್ದೋನು ಇಲ್ಲೇ ಇದೀನಿ ಸಾಬ್, ನನ್ನ ಕೇಳಿ," ಎಂದರು ನಜೀರ್ ಸಾಬರು ಬಾಗಿಲ ಬಳಿಯಿಂದ. "ಹೂ ಇಟ್ಟಿದ್ದಕ್ಕೆ ಯಾರ್ನಾದ್ರೂ ಕೆಲ್ಸದಿಂದ ತೆಗೀತಾರಾ?"

ಗ್ಯಾರಂಟಿ ಪಾಡು ಗ್ಯಾರಂಟಿಗಿರಲಿ ಎಂದು ನಾನು ಎಲ್ಲರನ್ನೂ ಕಂಪ್ಯೂಟರ್ ಕೋಣೆಗೆ ಕರೆದೊಯ್ದು, ತೊಳೆಯುವ ಆಜ್ಞೆಗಳ ಆ ಕಡತವನ್ನು ತೆರೆದೆ. ಟೈಪ್ ಮಾಡಿದ ಹೆಸರು tank ಎಂಬ ಡಬ್ಬಿಗೆ ಹೋಗುತ್ತಿತ್ತು. ಮುಂದಿನ ಸಾಲಿನಲ್ಲಿ ಅದನ್ನು ಕೋಟ್ ಇಲ್ಲದೆ, ಬರೀ $tank ಎಂದು ತೆರೆದಿದ್ದರು. ಅಂದರೆ ನೆಲಕ್ಕೆ ಸುರಿದಿದ್ದರು. ಖಾಲಿ ಜಾಗದಲ್ಲಿ ಮಾತು ತುಂಡಾಗಿ ಹೂವು ಬೇರೆ, ಹೆಸರು ಬೇರೆ ಆದವು. ಒಂಟಿಯಾಗಿ ಬಿದ್ದ ಹೂವನ್ನು ಕಂಡರೆ ಶೆಲ್ ಅದರ ಜಾಗದಲ್ಲಿ ಆಗ ತೆರೆದಿರುವ ಕಪಾಟಿನಲ್ಲಿ, ಅಂದರೆ ಫೋಲ್ಡರಿನಲ್ಲಿ, ಇರುವ ಎಲ್ಲ ಕಡತಗಳ ಹೆಸರನ್ನೂ ಹಾಕುತ್ತದೆ. ಆ ಕಪಾಟಿನಲ್ಲಿ ಇದ್ದದ್ದು ಟ್ಯಾಂಕಿಗೊಂದರಂತೆ ಕಡತ, ಅದರದರ ಹೆಸರಿನಲ್ಲಿ. ಹಾಗಾಗಿ ಆ ಒಂದು ಹೂವು ಎಲ್ಲ ಟ್ಯಾಂಕುಗಳ ಹೆಸರನ್ನೂ ಹೇಳಿಬಿಟ್ಟಿತ್ತು.

"ಸರ್, ಇಲ್ಲಿ ನೋಡಿ. ಇದು ಬರೀ ಪರದೆ ಮೇಲೆ ಬರೆಯೋ ಆಜ್ಞೆ, ಹೆದರಬೇಡಿ," ಎಂದು ಹೂವನ್ನು hoo ಎಂಬ ಡಬ್ಬಿಗೆ ಹಾಕಿ, ಕೋಟ್ ಇಲ್ಲದೆ echo $hoo ಎಂದು ಬರೆದೆ. ಪರದೆಯ ಮೇಲೆ ಎಲ್ಲ ಟ್ಯಾಂಕುಗಳ ಹೆಸರೂ ಸಾಲಾಗಿ ಬಂದವು. ಮೂರನೆಯದರ ಹೆಸರು ಕಂಡು ಸಾಬರು ಗಂಟಲು ಸರಿಮಾಡಿಕೊಂಡರು. ಆಮೇಲೆ ಜೋಡಿ ಕೋಟ್ ಹಾಕಿ echo "$hoo" ಎಂದು ಬರೆದೆ. ಒಂದೇ ಒಂದು ಹೂವು ಬಂತು.

ರಘುನಾಥ್ ಕುರ್ಚಿ ಎಳೆದುಕೊಂಡು ತಾವೇ ಎರಡನ್ನೂ ಟೈಪ್ ಮಾಡಿ ನೋಡಿದರು. ಮತ್ತೊಮ್ಮೆ ಮಾಡಿದರು. ಗುತ್ತಿಗೆದಾರರಿಗೆ ಫೋನ್ ಹಚ್ಚಿ ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು.

"ಟ್ಯಾಂಕ್ ಹೆಸರಿನ ಜಾಗದಲ್ಲಿ ಯಾರು ಸಾರ್ ಸ್ಟಾರ್ ಹಾಕ್ತಾರೆ? ಎಲ್ಲೂ ಹಾಕಲ್ಲ," ಎಂದಿತು ಆ ಕಡೆಯ ದನಿ.

"ನಮ್ಮಲ್ಲಿ ಹಾಕ್ತಾರೆ," ಎಂದರು ರಘುನಾಥ್. ಅವರು 'ನಮ್ಮಲ್ಲಿ' ಎಂದದ್ದನ್ನು ನಾನು ಮೊದಲ ಸಲ ಕೇಳಿದ್ದು. ಫೋನ್ ಇಟ್ಟು ನನ್ನ ಕಡೆ ತಿರುಗಿ, "ಇಡೀ ಕಡತ ನೀವೇ ನೋಡಿ ಮೇಡಂ. ಒಂದು ಡಾಲರೂ ಬರಿಮೈಯಲ್ಲಿ ಇರಬಾರದು," ಎಂದರು. ಕೃಷ್ಣಪ್ಪನವರಿಗೆ ನಾಳೆಯಿಂದ ಬರುವುದು ಬೇಡವೆಂದು ಮಾತ್ರ ಮತ್ತೆ ಹೇಳಲಿಲ್ಲ. ಹಾಗೆ ಹೇಳದೆ ಇದ್ದದ್ದರಿಂದಲೇ ಅವರು ಮರುದಿನ ಕೆಲಸಕ್ಕೆ ಬಂದರು.

ಎಲ್ಲ ಡಾಲರುಗಳಿಗೂ ಜೋಡಿ ಕೋಟ್ ತೊಡಿಸಿದೆ. ಈಗ ಹೂವಿನ ಸಮೇತ ಹೆಸರು ಬರೆದರೆ 'ಆ ಹೆಸರಿನ ಟ್ಯಾಂಕು ಇಲ್ಲ' ಎಂದು ಕಂಪ್ಯೂಟರ್ ಸುಮ್ಮನಾಗುತ್ತಿತ್ತು. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಕೃಷ್ಣಪ್ಪನವರು ಆಮೇಲೆ ಕೀಬೋರ್ಡನ್ನು ಹಾವು ಮುಟ್ಟುವಂತೆ ಮುಟ್ಟುತ್ತಿದ್ದರು. ಅದನ್ನು ನೋಡಲಾಗದೆ ಕಡತದ ತಲೆಯಲ್ಲಿ ಹೊಸದೊಂದು ಸಾಲು ಸೇರಿಸಿದೆ. ಶುರುವಿನಲ್ಲೇ ಕಂಪ್ಯೂಟರ್ 'ಹೂವು?' ಎಂದು ಕೇಳುತ್ತದೆ. ಕೊಟ್ಟ ಹೂವನ್ನು ಜೋಡಿ ಕೋಟಿನಲ್ಲಿ ಹಿಡಿದು ಪರದೆಯ ನೆತ್ತಿಯ ಮೇಲಿಡುತ್ತದೆ. ಆಮೇಲಷ್ಟೇ ಟ್ಯಾಂಕಿನ ಹೆಸರು ಕೇಳುತ್ತದೆ. ರಘುನಾಥ್ ಅದನ್ನು ನೋಡಿಯೂ ನೋಡದವರಂತೆ ಹೋದರು. ಅವರೇ ಹಾಕಿದ ಇನ್ನೊಂದು ನಿಯಮ ಇಂದಿಗೂ ಇದೆ: ಯಾರೇ ಟ್ಯಾಂಕಿಗೆ ಇಳಿಯಲಿ, ಮೊದಲು ಬೆಂಡು ಬಿಚ್ಚಬೇಕು, ಅದಕ್ಕೆ ತಮ್ಮ ಟವೆಲ್ ಕಟ್ಟಿ ಹೊರಗಿನವರ ಕೈಗೆ ಕೊಡಬೇಕು.

ಎಷ್ಟೋ ಸಲ ಯೋಚಿಸಿದ್ದೇನೆ. ಅಂದು ಶುಕ್ರವಾರವಾಗದಿದ್ದರೆ ಕೃಷ್ಣಪ್ಪನವರು ಹೂ ಇಡುತ್ತಿರಲಿಲ್ಲ. ಶುಕ್ರವಾರವಾಗದಿದ್ದರೆ ಸಾಬರು ಆ ಕೊಳೆನೀರನ್ನು ಸಹಿಸಿಕೊಂಡು ಕೆಲಸ ಮುಗಿಸುತ್ತಿದ್ದರು. ಇದನ್ನು ಒಮ್ಮೆ ಸಾಬರಿಗೂ ಹೇಳಿದೆ. "ಅದೆಲ್ಲ ಲೆಕ್ಕ ಹಾಕಬ್ಯಾಡಿ ಮೇಡಂ, ತಲೆ ಕೆಡ್ತದೆ. ಅಂಗಿ ಚೆನ್ನಾಗಿತ್ತು, ಅಷ್ಟೇ," ಎಂದರು.

ಶಿಲ್ಪಾ ನನ್ನನ್ನು ಈ ಹಂಗಾಮಿನ ಮೊದಲ ಶುಕ್ರವಾರಕ್ಕೆ ಕರೆದಿದ್ದಳು. ಹೋಗಿದ್ದೆ. ಕೃಷ್ಣಪ್ಪನವರು ನಿವೃತ್ತರಾಗಿ ರಾಯಲ್ಪಾಡಿನಲ್ಲಿ ತೋತಾಪುರಿ ಗಿಡಗಳ ನೆರಳಲ್ಲಿ ಸುಖವಾಗಿದ್ದಾರೆ. ಅವರ ಕುರ್ಚಿಯಲ್ಲಿ ಹೊಸ ಮೇಲ್ವಿಚಾರಕ. 'ಹೂವು?' ಎಂದು ಪರದೆ ಕೇಳಿದಾಗ ಶಿಲ್ಪಾ ನನ್ನ ಕಡೆ ನೋಡಿದಳು. "ನೀವೇ ಇಡಿ ಮೇಡಂ."

ಎಂಟರ ನೆತ್ತಿಯ ಆ ಗುರುತನ್ನು ಒತ್ತಿದೆ. ಕಿವಿ ತಾನಾಗಿಯೇ ಕವಾಟಗಳ ಕಡೆ ಹೋಯಿತು. ಎಲ್ಲೂ ಏನೂ ಸದ್ದಿಲ್ಲ. ಪರದೆಯ ನೆತ್ತಿಯಲ್ಲಿ ಒಂದೇ ಹೂವು, ಇಟ್ಟ ಜಾಗದಲ್ಲೇ ಇತ್ತು.

ಹೊರಗೆ ಟ್ಯಾಂಕಿನ ಬಳಿ ನಜೀರ್ ಸಾಬರು ಕಾಯುತ್ತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿದೆ. ಅಂಗಿ ಮಾತ್ರ ಇಸ್ತ್ರಿ ಮಾಡಿದ್ದೇ.

"ಮೇಡಂ, ಹೂ ಇಟ್ಟಾಯ್ತಾ? ನಾನು ಇಳೀಲಾ?"

"ಆಯ್ತು ಸಾಬ್ರೇ, ಇಳೀರಿ."

ಅವರು ಬೆಂಡು ಬಿಚ್ಚಿ, ಹೆಗಲ ಟವೆಲನ್ನು ಅದಕ್ಕೆ ಗಂಟು ಹಾಕಿದರು. ಪಕ್ಕದಲ್ಲಿ ಶಿಲ್ಪಾ ಕೈಚಾಚಿ ನಿಂತಿದ್ದಳು, ಈಗ ಅದು ಅವಳ ಕೆಲಸ. ಆದರೂ ಸಾಬರು ನನ್ನ ಕೈಗೇ ಕೊಟ್ಟು ಒಳಗೆ ಇಳಿದರು. ಒಂದು ಸ್ಟೂಲು ತರಿಸಿ ಕುಳಿತೆ. ತಣ್ಣನೆಯ ಆ ಸ್ಟೀಲಿನ ತುಂಡು ಭಾರವಾಗಿತ್ತು. ಒಳಗಿನಿಂದ ಕಲ್ಲುಚಕ್ರದ ಸದ್ದು ಬರುತ್ತಿತ್ತು. ಅದು ನಿಂತು, ಆಳುಕಂಡಿಯಲ್ಲಿ ಅವರ ಬಿಳಿ ಗಡ್ಡ ಕಾಣಿಸುವವರೆಗೆ ನಾನು ಅದನ್ನು ಮಡಿಲಿನಿಂದ ಕೆಳಗಿಡಲಿಲ್ಲ.